ಡಬ್ಬಿಯ ಮುಚ್ಚಳದ ಹೆಸರುಗಳು

ಹಂಚಿನ ಮೇಲಿನ ರೊಟ್ಟಿಗೆ ನೀರು ಸವರುತ್ತಿದ್ದೆ. ಹಾಲ್‌ನಿಂದ ಇವರ ಕೂಗು ಬಂತು.

“ವನಜಾ! ಬಾ ಇಲ್ಲೆ. ನಿನ್ನ ಮಗಳ ಕೈಗುಣ ನೋಡು ಬಾ.”

ಒಲೆ ಸಣ್ಣಗೆ ಮಾಡಿ ಹಿಟ್ಟಿನ ಕೈಯಲ್ಲೇ ಹೋದೆ. ಲಹರಿ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಿದ್ದಳು. ಅವಳ ಮುಂದೆ ಹಳೆಯ ಸಣ್ಣ ಟಿವಿ, ಟಿವಿಯ ಮುಂದೆ ಪುಸ್ತಕದಷ್ಟೇ ದೊಡ್ಡದಾದ ಕಪ್ಪು ಕಂಪ್ಯೂಟರ್. ಹಿಂದೆ ಕುರ್ಚಿಯಲ್ಲಿ ಇವರು, ಕೈಯಲ್ಲಿ ಚಹಾದ ಕಪ್ಪು. ಪರದೆಯ ಮೇಲೆ ಟೊಪ್ಪಿಗೆ ಹಾಕಿದ ಪುಟ್ಟ ಮನುಷ್ಯ ನೀಲಿ ಹೊಳೆಯಲ್ಲಿ ತಲೆಕೆಳಗಾಗಿ ಮುಳುಗುತ್ತಿದ್ದ.

“ಹನ್ನೊಂದನೇ ಸಲ ಮುಳುಗಿಸಿದಳು,” ಎಂದರು ಇವರು. “ಪಾಪ, ಆ ಮನುಷ್ಯಾಗ ಇನ್ನ ಈಜು ಕಲಿಸಬೇಕು.”

“ಇನ್ನೊಂದ್ಸಲ ಅಪ್ಪಾ.”

“ಆಡವ್ವ, ಆಡು. ಹೊಳಿಗೇನು ಬೇಸರ ಇಲ್ಲ.”

ರೊಟ್ಟಿ ಸೀದ ವಾಸನೆ ಬಂದು ನಾನು ಒಳಗೆ ಓಡಿದೆ.

ಆ ಕಂಪ್ಯೂಟರ್ ನನ್ನ ಗಂಡ ಚಂದ್ರಾಮರ ಬಾಲ್ಯದ್ದು. ನಮ್ಮ ಮಾವನವರು ಕಲಬುರಗಿ ಕಡೆಯಿಂದ ಬಂದು ಇಲ್ಲಿನ ರಕ್ಷಣಾ ಕಾರ್ಖಾನೆಗೆ ಸೇರಿದವರು. ಮಗನಿಗೆ ಹತ್ತು ವರ್ಷವಾದಾಗ ಅಬಿಡ್ಸ್ ಪೇಟೆಯ ಅಂಗಡಿಯೊಂದರಿಂದ ತಂದುಕೊಟ್ಟಿದ್ದರಂತೆ. ಕ್ವಾರ್ಟರ್ಸಿನಲ್ಲೆಲ್ಲ ಅದೊಂದೇ ಇದ್ದದ್ದು. ಆಟ ಕ್ಯಾಸೆಟ್ಟಿನಲ್ಲಿದೆ. ಟೇಪ್ ರೆಕಾರ್ಡರಿನಿಂದ ಅದು ಒಳಗೆ ಹೋಗಲು ಐದು ನಿಮಿಷ ಬೇಕು. ಅಷ್ಟು ಹೊತ್ತೂ ತಗಡು ಕೆರೆದಂಥ ಸದ್ದು. ಕೀಗಳು ರಬ್ಬರಿನವು. ನೆಟ್ಟಗೆ, ಗಟ್ಟಿಯಾಗಿ ಒತ್ತದಿದ್ದರೆ ಕೇಳುವುದಿಲ್ಲ.

ಅದರ ಥರ್ಮಾಕೋಲ್ ಡಬ್ಬಿಯ ಮುಚ್ಚಳದ ಒಳಗೆ ಬಾಲ್‌ಪೆನ್ನಿನಿಂದ ಬರೆದ ಹೆಸರುಗಳಿವೆ. ಮೂರನೇ ಪರದೆಯಲ್ಲಿ ಬರುವ ಹಲಗೆಯ ಸೇತುವೆ ದಾಟಿದವರು ಮಾತ್ರ ಅಲ್ಲಿ ಹೆಸರು ಬರೆಯಬೇಕು. ಮೊದಲನೆಯದು ಇವರದು. ಆಮೇಲೆ ಪಕ್ಕದ ಕ್ವಾರ್ಟರ್ಸಿನ ಸೋಮಣ್ಣ. ಇನ್ನೂ ನಾಕೈದು ಮಂದಿ. ಎಲ್ಲರಿಗಿಂತ ಕೆಳಗೆ ನನ್ನದು, ಮದುವೆಯಾದ ವರ್ಷ ಬರೆದದ್ದು.

ಲಹರಿಗೆ ಒಂಬತ್ತು ವರ್ಷ. ಅವಳ ಬಲಗೈಯ ತೋರುಬೆರಳು, ನಡುಬೆರಳು ಬಾಗುವುದಿಲ್ಲ. ಎರಡು ವರ್ಷದ ಹಿಂದೆ ನಮ್ಮ ಮಿಯಾಪುರದ ಅಪಾರ್ಟ್‌ಮೆಂಟಿನ ಲಿಫ್ಟಿನ ಜಾಲರಿ ಬಾಗಿಲಿಗೆ ಸಿಕ್ಕವು. ಆಫೀಸಿಗೆ ತಡವಾಯಿತೆಂದು ಬಾಗಿಲು ಎಳೆದದ್ದು ಇವರೇ. ಆ ಮಾತನ್ನು ನಮ್ಮ ಮನೆಯಲ್ಲಿ ಯಾರೂ ಆಡುವುದಿಲ್ಲ. ಅವತ್ತು ಆಸ್ಪತ್ರೆಯ ವರಾಂಡದಲ್ಲಿ ಇವರು ಗೋಡೆಗೆ ಹಣೆ ಚಚ್ಚಿಕೊಂಡದ್ದನ್ನು ನೋಡಿದವಳು ನಾನೊಬ್ಬಳೇ.

ಬೆರಳಿಗೆ ದಿನಾ ಕೆಲಸ ಕೊಡಿ, ಬಿಟ್ಟರೆ ಹಾಗೇ ಉಳಿದುಬಿಡುತ್ತವೆ ಎಂದು ಫಿಸಿಯೊಥೆರಪಿಯ ಹುಡುಗಿ ಹೇಳಿದ್ದಳು. ದಸರೆಯ ರಜೆಯಲ್ಲಿ ಇವರು ಅಟ್ಟದಿಂದ ಡಬ್ಬಿ ಇಳಿಸಿದರು. ಆಟಕ್ಕೆ ಆಟವೂ ಆಯಿತು, ವ್ಯಾಯಾಮಕ್ಕೆ ವ್ಯಾಯಾಮವೂ ಆಯಿತು ಅಂದರು. ನನಗೂ ಖುಷಿಯಾಯಿತು. ಅಪ್ಪ ಮಗಳು ಒಟ್ಟಿಗೆ ಕೂತದ್ದನ್ನು ನೋಡಿ ಎಷ್ಟು ದಿನವಾಗಿತ್ತು.

ಆ ಆಟದಲ್ಲಿ ಎಡಕ್ಕೆ ಹೋಗಲು ಓ ಒತ್ತಬೇಕು, ಬಲಕ್ಕೆ ಪಿ. ಎರಡೂ ಬಲಗೈಗೇ ಬರುತ್ತವೆ. ಎಡಗೈಯಿಂದ ಕ್ಯೂ ಒತ್ತಿದರೆ ಜಿಗಿತ. ಸೇತುವೆಯ ಹಲಗೆ ಕಾಲಿಟ್ಟ ಕೂಡಲೇ ಸಡಿಲವಾಗುತ್ತದೆ. ಮುಂದೆ ಒಂದು ಹೆಜ್ಜೆ, ಹಿಂದೆ ಒಂದು ಹೆಜ್ಜೆ, ಮತ್ತೆ ಮುಂದೆ, ಆಮೇಲೆ ಜಿಗಿತ. ಲಹರಿಯ ಬೆರಳು ಓ ಮೇಲಿಂದ ಏಳುವ ಮೊದಲೇ ಪಿ ಮೇಲೂ ಬೀಳುತ್ತದೆ. ಎರಡೂ ಒಟ್ಟಿಗೆ ಒತ್ತಿದರೆ ಆ ಮನುಷ್ಯ ನಿಂತುಬಿಡುತ್ತಾನೆ. ನಿಂತರೆ ಹಲಗೆ ಬೀಳುತ್ತದೆ.

ಮೊದಲ ವಾರ ಇವರು ಪಕ್ಕದಲ್ಲಿ ಕೂತು ಬೆರಳು ಹಿಡಿದು ತೋರಿಸಿದರು. ಎರಡನೇ ವಾರ ಕುರ್ಚಿಗೆ ಹೋದರು. ಆಮೇಲೆ ಶುರುವಾಯಿತು. “ಬೆರಳೋ ಕಟಿಗಿಯೋ?” “ರೊಟ್ಟಿ ಬಡಿಯಾಕೂ ಬರಂಗಿಲ್ಲ ಈ ಕೈಗೆ.” ಎಲ್ಲವನ್ನೂ ನಗುನಗುತ್ತಲೇ ಅನ್ನುತ್ತಿದ್ದರು. ಲಹರಿಯೂ ಮೊದಮೊದಲು ನಗುತ್ತಿದ್ದಳು.

ಒಂದು ದಿನ ಸಂಜೆ ನಾನು ಒಣಗಿದ ಬಟ್ಟೆ ಮಡಚುತ್ತ ಅಲ್ಲೇ ಕೂತಿದ್ದೆ. ಅವಳು ಕೇಳಿದಳು, “ಅಪ್ಪಾ, ಬೇರೆ ಕೀ ಇಟ್ಕೊಳ್ಳಾಕ ಬರಂಗಿಲ್ಲೇನ? ನಡಿಯೋದೂ ಎಡಗೈಲೇ ಇದ್ರ ನಾ ದಾಟ್ತೀನಿ.”

“ಬರಂಗಿಲ್ಲ,” ಎಂದರು. “ಮಷೀನ್ ನಿನ್ನ ಸಲುವಾಗಿ ಬದಲಾಗಂಗಿಲ್ಲ. ನೀನ ಬದಲಾಗಬೇಕು.”

ಅವಳು ತಿರುಗಿ ನನ್ನ ಮುಖ ನೋಡಿದಳು. ಏನೋ ಕೇಳಲು ಬಾಯಿ ತೆರೆದಳು. ನಾನು ಇವರ ಅಂಗಿಯ ಕಾಲರ್ ಸರಿಮಾಡುತ್ತ ತಲೆ ಬಗ್ಗಿಸಿದೆ.

ಬರುತ್ತದೆ. ಆಟ ಶುರುವಾಗುವ ಮೊದಲು ಕೆ ಒತ್ತಿದರೆ ಒಂದು ಖಾಲಿ ಪರದೆ ಬರುತ್ತದೆ. ಎಡಕ್ಕೆ ಯಾವ ಕೀ, ಬಲಕ್ಕೆ ಯಾವ ಕೀ ಎಂದು ಕೇಳುತ್ತದೆ. ನಮಗೆ ಬೇಕಾದ್ದನ್ನು ಇಟ್ಟುಕೊಳ್ಳಬಹುದು. ಪರದೆಯ ಮೇಲೆ ಇದನ್ನು ಎಲ್ಲೂ ಬರೆದಿಲ್ಲ. ಕ್ಯಾಸೆಟ್ಟಿನ ಜೊತೆ ಬಂದ ಚೀಟಿಯಲ್ಲಿತ್ತಂತೆ, ಅದು ಎಂದೋ ಕಳೆದುಹೋಗಿದೆ. ಮದುವೆಯಾದ ವರ್ಷ ನನ್ನನ್ನು ಇದೇ ಟಿವಿಯ ಮುಂದೆ ಕೂರಿಸಿ ಇವರೇ ಕೆ ಒತ್ತಿದ್ದರು. “ಓ, ಪಿ ಹಿಡಕೊಂಡು ಯಾರಿಗೂ ಆಗಂಗಿಲ್ಲ. ನಾನೂ ಬದಲ್ ಮಾಡೇ ದಾಟಿದ್ದು. ಯಾರಿಗೂ ಹೇಳಬ್ಯಾಡ,” ಎಂದು ಕಿವಿಯಲ್ಲಿ ಹೇಳಿದ್ದರು. ನಾನು ಜಡ್, ಎಕ್ಸ್ ಒತ್ತಿ ಆರನೇ ಸಲಕ್ಕೆ ದಾಟಿದೆ. ಹೊಸ ಗಂಡ ಕೊಟ್ಟ ಗುಟ್ಟು ಎಂದು ಎಷ್ಟು ಜೋಪಾನ ಮಾಡಿದ್ದೆ.

ಅವತ್ತು ಬಟ್ಟೆ ಮಡಚುತ್ತ ಹೇಳಿಬಿಡಬಹುದಿತ್ತು. ಹೇಳಲಿಲ್ಲ. ಬೆರಳು ಬಾಗಲಿ ಎಂದೇ ಅಲ್ಲವೇ ಇವರು ಹೀಗೆ ಮಾಡುವುದು ಎಂದುಕೊಂಡೆ. ಅಪ್ಪನನ್ನು ಮಗಳ ಮುಂದೆ ಸುಳ್ಳುಗಾರನನ್ನಾಗಿ ಮಾಡಬಾರದು ಎಂದುಕೊಂಡೆ. ಮಲಗುವ ಮೊದಲು ಅವಳ ಬೆರಳಿಗೆ ಬೆಚ್ಚಗಿನ ಎಣ್ಣೆ ಹಚ್ಚಿ ತಿಕ್ಕಿದೆ. ಆಗಲೂ ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು. ನಾನು ಬೆರಳನ್ನೇ ನೋಡುತ್ತಿದ್ದೆ.

ರೊಟ್ಟಿ ಸೀದ ಈ ಭಾನುವಾರ ಸೋಮಣ್ಣ ಊಟಕ್ಕೆ ಬರುವವನಿದ್ದ. ಈಗ ಅವನ ಮನೆ ದಿಲ್‌ಸುಖ್‌ನಗರದಲ್ಲಿ. ಇವರು ಶನಿವಾರವೇ ಮಗಳಿಗೆ ಹೇಳಿದ್ದರು, “ಕಾಕಾ ಬರೋದ್ರೊಳಗ ದಾಟಿದ್ರ ಅವನ ಮುಂದ ಮುಚ್ಚಳದಾಗ ಹೆಸರು ಬರಸ್ತೀನಿ. ಇಲ್ಲಂದ್ರ ನಾಳಿಗೆ ಬಂದ್. ಡಬ್ಬಿ ಅಟ್ಟಕ್ಕ.”

ಅವಳು ಕೆಳಗಿನ ಅಂಗಡಿಯಿಂದ ನೇರಳೆ ಬಣ್ಣದ ಪೆನ್ನು ತಂದಿಟ್ಟುಕೊಂಡಿದ್ದಳು. ಬೆಳಿಗ್ಗೆ ಆರಕ್ಕೇ ಎದ್ದು, ಹಲ್ಲುಜ್ಜಿ, ಟೇಪ್ ಹಚ್ಚಿ ಕೂತಿದ್ದಳು. ನಾನು ರೊಟ್ಟಿ ಮುಗಿಸಿ, ಪಲ್ಯಕ್ಕೆ ಒಗ್ಗರಣೆ ಹಾಕಿ, ಶೇಂಗಾ ಹುರಿಯುವಷ್ಟರಲ್ಲಿ ಆ ಮನುಷ್ಯ ಇನ್ನೆಷ್ಟು ಸಲ ಮುಳುಗಿದನೋ. ಒಮ್ಮೆ ಮಾತ್ರ ಕೊನೆಯ ಹಲಗೆಯವರೆಗೆ ಹೋದ. “ಅವ್ವಾ! ಅವ್ವಾ!” ಎಂದು ಕಿರುಚಿದಳು. ನಾನು ಓಡಿ ಬರುವುದರೊಳಗೆ ಬಿದ್ದಿದ್ದ. ಕರೆಗಂಟೆ ಸದ್ದಾಯಿತು.

“ಲೇ ಚಂದ್ಯಾ! ಇನ್ನೂ ಜೀವಂತ ಐತೇನೋ ಇದು?” ಸೋಮಣ್ಣ ಚಪ್ಪಲಿ ಬಿಡುವ ಮೊದಲೇ ಟಿವಿ ನೋಡಿ ಕೂಗಿದ. “ವೈನಿ, ನಮಸ್ಕಾರ್ರಿ. ಈ ಹಳೇ ಸಾಮಾನ ಇನ್ನೂ ಇಟ್ಕೊಂಡೀರಲ್ರಿ!”

“ಯಾವ್ದು, ಇವರನ್ನೋ ಕಂಪ್ಯೂಟರನ್ನೋ?” ಎಂದೆ. ಎಲ್ಲರೂ ನಕ್ಕರು. ಅವನ ಆರು ವರ್ಷದ ಮಗಳು ನಿರೀಕ್ಷಾ ಆಗಲೇ ಲಹರಿಯ ಪಕ್ಕ ಕೂತುಬಿಟ್ಟಿದ್ದಳು.

“ಅಕ್ಕಾ, ನಾನೂ ಆಡ್ತೀನಿ.”

ಲಹರಿ ಅಪ್ಪನ ಕಡೆ ನೋಡಿದಳು.

“ಕೊಡವ್ವ, ಕೊಡು. ನೀ ಎರಡು ತಿಂಗಳು ಆಡಿ ಕಡದದ್ದು ಗೊತ್ತೈತಲ್ಲ,” ಎಂದರು ಇವರು.

ಸೋಮಣ್ಣ ಮಗಳ ಹಿಂದೆ ಕೂತು, ಮೊದಲಿನ ಪರದೆಗೆ ಬಂದು, ಏನೂ ಯೋಚಿಸದೆ ಕೆ ಒತ್ತಿದ. ಖಾಲಿ ಪರದೆ ಬಂತು.

“ಕಾಕಾ, ಏನ್ ಮಾಡಿದ್ರಿ?” ಲಹರಿಯ ದನಿ ಸಣ್ಣಗಿತ್ತು.

“ಕೀ ಬದಲ್ ಮಾಡಾಕತ್ತೀನವ್ವ. ಆ ಓ, ಪಿ ಹಿಡಕೊಂಡು ಯಾವ ಹುಚ್ಚ ಆಡ್ತಾನ? ನಿಮ್ಮಪ್ಪ ಎರಡನೇ ದಿನಕ್ಕ ಅಳಾಕ ಹತ್ತಿದ್ದ. ಆಮ್ಯಾಲ ಚೀಟಿ ಓದಿ ಇದನ್ನ ಹುಡುಕಿದ್ವಿ. ಹೌದಲ್ಲೋ ಚಂದ್ಯಾ?”

“ಹಳೇ ಮಾತು ಬಿಡೋ ಯಾರ್,” ಎಂದು ಇವರು ಜೋರಾಗಿ ನಕ್ಕರು. ನನ್ನ ಕಡೆ ನೋಡಲಿಲ್ಲ.

ನಿರೀಕ್ಷಾ ಮೂರು ಸಲ ಬಿದ್ದಳು. ನಾಲ್ಕನೇ ಸಲಕ್ಕೆ ಟೊಪ್ಪಿಗೆಯ ಮನುಷ್ಯ ಆಚೆ ದಡಕ್ಕೆ ಹಾರಿ, ಎರಡು ಕೈ ಎತ್ತಿ ಕುಣಿದ. ಲಹರಿ ಅವನು ಕುಣಿಯುವುದನ್ನು ಅದೇ ಮೊದಲ ಸಲ ನೋಡಿದ್ದು. ಸೋಮಣ್ಣ ಚಪ್ಪಾಳೆ ಹೊಡೆದ. ಇವರೂ ಹೊಡೆದರು.

“ಶಾಬಾಶ್! ನೋಡಿದೆಲ್ಲ ಲಹರಿ? ಆರು ವರ್ಷದ ಕೂಸು. ಹೆಸರು ಬರಿಯಬೇಕಲ್ಲೋ ಸೋಮ್ಯಾ, ನಿಯಮ ಅಂದ್ರ ನಿಯಮ.” ಇವರು ನೇರಳೆ ಪೆನ್ನು ಎತ್ತಿ ನಿರೀಕ್ಷಾಳ ಕೈಗೆ ಕೊಟ್ಟರು. ಥರ್ಮಾಕೋಲ್ ಅಲುಗಾಡುತ್ತಿತ್ತು. “ಲಹರಿ, ಮುಚ್ಚಳ ಗಟ್ಟಿ ಹಿಡಿ. ತಂಗಿಗೆ ಬರಿಯಾಕ ಆಗವಲ್ದು.”

ಅವಳು ಹಿಡಿದಳು. ಎಡಗೈಯಿಂದ ಒಂದು ಅಂಚು, ಬಲಗೈಯ ನೆಟ್ಟಗಿನ ಎರಡು ಬೆರಳಿನಿಂದ ಇನ್ನೊಂದು. ನಿರೀಕ್ಷಾ ನಾಲಿಗೆ ಹೊರಗೆ ಚಾಚಿ ಒಂದೊಂದೇ ಅಕ್ಷರ ದೊಡ್ಡದಾಗಿ ಬರೆದಳು. ಉಳಿದಿದ್ದ ಜಾಗವೆಲ್ಲ ತುಂಬಿತು.

“ಅಪ್ಪಾ, ನಾನೂ ಈಗ ಆ ಕೀಲೆ ಆಡ್ಲಾ?”

“ನಿನಗ ಬ್ಯಾಡ.”

“ಒಂದ ಸಲ.”

“ಆಕಿ ಸಣ್ಣಾಕಿ, ಆಟ ಆಡ್ತಾಳ. ನಿಂದು ಆಟ ಅಲ್ಲ. ಸುಲಭದ ದಾರಿ ಹಿಡಿದ್ರ ಕೈ ಹಿಂಗ ಉಳೀತೈತಿ, ಒಣಕಟಿಗಿ ಹಂಗ.” ಅವಳ ಕೈ ಹಿಡಿದೆತ್ತಿ ಸೋಮಣ್ಣನಿಗೆ ತೋರಿಸಿದರು. “ನೋಡೋ. ಎರಡು ತಿಂಗಳು ತಿಕ್ಕಿದ್ರೂ ಇಷ್ಟ.”

ಸೋಮಣ್ಣ ಆ ಬೆರಳುಗಳನ್ನು ನೋಡಿದ. ಹುಡುಗಿ ಎರಡು ತಿಂಗಳಿಂದ ಓ, ಪಿ ಮೇಲೇ ಆಡುತ್ತಿದ್ದಳೆಂದು ಆಗ ಅವನಿಗೆ ತಿಳಿಯಿತು. ನಗು ಬಾಯಲ್ಲೇ ನಿಂತಿತು. “ಇರಲಿ ಬಿಡೋ ಚಂದ್ಯಾ, ಆಡ್ಲಿ ಹುಡುಗಿ,” ಎಂದ. ಇವರು ಬಗ್ಗಿ ಪ್ಲಗ್ಗು ಕಿತ್ತರು. ಪರದೆ ಕಪ್ಪಾಯಿತು.

ನಾನು ಬಾಗಿಲಲ್ಲೇ ನಿಂತಿದ್ದೆ. “ಊಟಕ್ಕ ಏಳ್ರಿ, ರೊಟ್ಟಿ ಆರಾಕತ್ತಾವ,” ಎಂದೆ.

ಊಟದಲ್ಲಿ ಗಂಡಸರು ಮೆಟ್ರೋದ ನೂಕುನುಗ್ಗಲು, ಬಡ್ತಿ, ಹಳೆಯ ಕ್ವಾರ್ಟರ್ಸಿನ ಮಾವಿನ ಮರ ಎಂದು ಮಾತಾಡಿದರು. ನಿರೀಕ್ಷಾ ಹಪ್ಪಳಕ್ಕಾಗಿ ಹಟ ಮಾಡಿದಳು. ಲಹರಿ ಎಡಗೈಯಲ್ಲಿ ಚಮಚ ಹಿಡಿದು, ತಟ್ಟೆಯಲ್ಲಿದ್ದದ್ದನ್ನೆಲ್ಲ ಒಂದು ಅಗುಳು ಬಿಡದೆ ಉಂಡಳು. ಅಳಲಿಲ್ಲ. ಅತ್ತಿದ್ದರೆ ನನಗೆ ಸಮಾಧಾನ ಮಾಡುವ ಕೆಲಸವಾದರೂ ಇರುತ್ತಿತ್ತು.

ಅವರು ಹೋದ ಮೇಲೆ ಇವರು ಒಳಗೆ ಮಲಗಿದರು. ನಾನು ಪಾತ್ರೆ ತೊಳೆಯುತ್ತಿದ್ದೆ. ಹಿಂದೆ ಯಾರೋ ನಿಂತ ಹಾಗಾಯಿತು. ತಿರುಗಿದರೆ ಲಹರಿ.

“ಹಸಿವಾಯ್ತೇನವ್ವ? ಶೇಂಗಾ ಉಂಡಿ ಕೊಡ್ಲೇನ?”

ತಲೆ ಅಲ್ಲಾಡಿಸಿದಳು.

“ಬಾ, ಕೈ ಕೊಡು. ಎಣ್ಣಿ ಕಾಸ್ತೀನಿ.”

ಅವಳು ಬಲಗೈಯನ್ನು ಬೆನ್ನ ಹಿಂದೆ ಒಯ್ದಳು. ನಾನು ನೊರೆಯ ಕೈಯನ್ನು ಸೆರಗಿಗೆ ಒರೆಸಿ ಅವಳ ಕೂದಲು ಸವರಹೋದೆ. ಒಂದು ಹೆಜ್ಜೆ ಹಿಂದೆ ಸರಿದಳು. ಇಷ್ಟು ದಿನ ಬಟ್ಟೆಯಲ್ಲಿ, ಬೆರಳಲ್ಲಿ, ಹಿಟ್ಟಿನಲ್ಲಿ ಕಣ್ಣು ನೆಟ್ಟು ತಪ್ಪಿಸಿಕೊಂಡವಳಿಗೆ ಈಗ ನೋಡಲು ಅವಳ ಮುಖ ಬಿಟ್ಟು ಏನೂ ಇರಲಿಲ್ಲ. ನಲ್ಲಿ ಬಂದ್ ಮಾಡಿದೆ.

“ಮುಚ್ಚಳ ಹಿಡಿದಾಗ ಎಲ್ಲಾರ ಹೆಸರೂ ಓದಿದೆ,” ಎಂದಳು. “ನಿಂದೂ ಐತಿ. ನೀ ಯಾವ ಕೀಲೆ ಆಡಿದ್ದಿ, ಅವ್ವಾ?”