ಎಲೆಗೊಂದು ಅಕ್ಷರ

"ಉಂಗುರ ಬ್ಯಾಡ್ರಮ್ಮಾವ್ರೇ," ಎಂದು ಬೆರ್ಬೆಲ್ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಳು.

ಹೋಲ್ಡರ್‌ಸ್ಟೈನ್ ಕೋಟೆಯ ದೊರೆಸಾನಿ ಅಪೊಲೋನಿಯಾ, ಮುಲಾಮಿನ ಗುಟ್ಟಿಗಾಗಿ ಚಾಚಿದ್ದ ಉಂಗುರವನ್ನು ಮತ್ತೆ ಬೆರಳಿಗೆ ಏರಿಸಿದಳು. ಅವಳ ಔಷಧಿಗೆ ಸುತ್ತಲಿನ ಪಾಳೆಯಗಾರರೆಲ್ಲ ಆಳು ಕಳಿಸುತ್ತಿದ್ದರು. ಹೊಟ್ಟೆನೋವು ಬಂದರೆ ಹೊಸ ಮತದ ಪಾದ್ರಿಯೂ ಪ್ರಾರ್ಥನೆಗಿಂತ ಮೊದಲು ಅವಳ ಕಷಾಯ ಕೇಳುತ್ತಿದ್ದ. ಅಂಥವಳ ಮುಲಾಮಿಗೆ ಜಗ್ಗದ ಅಡುಗೆಯವಳ ಸುಟ್ಟ ತೋಳು, ಹಳ್ಳಿಯ ಸೂಲಗಿತ್ತಿ ಬೆರ್ಬೆಲ್ ಹಚ್ಚಿದ ಹಸಿರು ಮುಲಾಮಿಗೆ ಒಂಬತ್ತೇ ದಿನದಲ್ಲಿ ಮಾಯ್ದಿತ್ತು. ಅಪೊಲೋನಿಯಾ ಅದನ್ನು ಮೂಸಿದಳು, ನಾಲಗೆಗೂ ಸವರಿಕೊಂಡಳು. ಹಂದಿಕೊಬ್ಬು, ಜೇನುಮೇಣ ಬಿಟ್ಟರೆ ಮಿಕ್ಕಿದ್ದು ತಿಳಿಯಲಿಲ್ಲ. ಮೂರು ದಿನದಿಂದ ಊಟವೂ ಸೇರಿರಲಿಲ್ಲ.

"ಮತ್ತೇನು ಬೇಕು? ಹಸು?"

"ಓದೋದು ಕಲಿಸ್ಕೊಡಿ. ಮುಲಾಮಿಗೆ ಆರು ಎಲೆ. ಅಕ್ಷರಕ್ಕೊಂದು ಎಲೆ ಹೇಳ್ತೀನಿ."

ಅಪೊಲೋನಿಯಾ ನಕ್ಕುಬಿಟ್ಟಳು. "ಅಕ್ಷರ ಇಪ್ಪತ್ತಕ್ಕೂ ಮೇಲಿವೆ ಕಣೇ!"

"ಲೋಕದಾಗೆ ಸುಟ್ಟಗಾಯ ಒಂದೇನಾ ಕಾಯಿಲೆ? ನನ್ ಹತ್ರ ಎಲೆಗೇನು ಬರ?"

"ಈ ವಯಸ್ಸಲ್ಲಿ ಬೈಬಲ್ ಓದ್ತೀಯಾ? ಪಾದ್ರಿ ತಲೆಗೆ ತುಂಬಿದ್ನಾ?"

ಬೆರ್ಬೆಲ್ ಮಡಿಲಿನಿಂದ ಒಂದು ಅಚ್ಚಿನ ಹಾಳೆ ತೆಗೆದು ಮೇಜಿನ ಮೇಲಿಟ್ಟಳು. ಮಡಿಕೆಗಳಲ್ಲಿ ಹರಿದಿತ್ತು. ಅಪೊಲೋನಿಯಾಗೆ ಕಂಡೊಡನೆ ಗುರುತು ಸಿಕ್ಕಿತು. ಹತ್ತು ವರ್ಷದ ಹಿಂದೆ, ದಂಗೆಯೆದ್ದ ರೈತರು ತಮ್ಮ ಬೇಡಿಕೆಗಳನ್ನು ಅಚ್ಚು ಹಾಕಿಸಿ ಊರೂರಿಗೆ ಹಂಚಿದ ಹಾಳೆ. ಅದು ಯಾರ ಬಳಿ ಸಿಕ್ಕರೂ ನೇಣಿಗೇರಿಸಿದವನು ಅಪೊಲೋನಿಯಾಳ ಗಂಡ. ಈಗ ಅವನೂ ಇರಲಿಲ್ಲ.

"ನನ್ ಮಗ ಫೈಟನ ಅಂಗೀಲಿತ್ತು," ಎಂದಳು ಬೆರ್ಬೆಲ್. "ಅವನಿಗೂ ಓದಾಕೆ ಬರ್ತಿರ್ಲಿಲ್ಲ. ಯಾತಕ್ಕೆ ಸತ್ತ ಅಂತ ತಿಳ್ಕೋಬೇಕು."

ಅಪೊಲೋನಿಯಾಳ ಕೈ ಹಾಳೆಯ ಅಂಚಿಗೆ ಹೋಯಿತು. "ನಾನೇ ಓದಿ ಹೇಳ್ತೀನಿ, ಕೊಡು."

"ಬ್ಯಾಡ್ರಮ್ಮಾವ್ರೇ. ನಿಮ್ ಬಾಯಾಗೆ ಬ್ಯಾಡ."

ಒಲೆಯ ಮೇಲೆ ಕಷಾಯ ಕುದಿಯುತ್ತಿತ್ತು. ಕೋಟೆ ಈಗ ಮೈದುನನ ಕೈಯಲ್ಲಿತ್ತು. ರೈತರಿಗೆ ಅಕ್ಷರ ಸಿಕ್ಕಿದ್ದರಿಂದಲೇ ಕೋಟೆಗಳಿಗೆ ಬೆಂಕಿ ಬಿದ್ದಿತೆಂದು ಅವನು ಊಟಕ್ಕೆ ಕೂತಾಗಲೆಲ್ಲ ಹೇಳುತ್ತಿದ್ದ. ತಿಳಿದರೆ ಈ ಔಷಧಿಕೋಣೆಗೆ ಬೀಗ ಜಡಿಸುವವನೇ. ಅಪೊಲೋನಿಯಾ ಎದ್ದು ಬಾಗಿಲಿಗೆ ಅಗುಳಿ ಹಾಕಿದಳು. ಒಲೆಯಿಂದ ಬೂದಿ ತಂದು ಮೇಜಿನ ಮೇಲೆ ಹರಡಿ, ಹಾಳೆಯ ಮೊದಲ ಅಕ್ಷರವನ್ನು ದೊಡ್ಡದಾಗಿ ಬರೆದಳು.

"ಇದು ನಿನ್ನದು. ಈಗ ನನ್ನದು ಹೇಳು."

"ಹಂಚಿನ ಸಂದೀಲಿ ಬೆಳೀತದಲ್ಲ, ಹೂವಿನಂಗೆ ಸುತ್ಕೊಂಡಿರೋ ದಪ್ಪೆಲೆ. ನಿಮ್ ತಲೆ ಮ್ಯಾಲೇ ಐತಲ್ಲ!"

ಅಪೊಲೋನಿಯಾ ಕಿಟಕಿಯಿಂದ ಅರ್ಧ ಮೈ ಹೊರಚಾಚಿ, ಬಿಸಿಲಿಗೆ ಕೈ ಅಡ್ಡ ಹಿಡಿದು ಚಾವಣಿಯನ್ನು ನೋಡಿದಳು. ಅವಳು ತಿರುಗಿದಾಗ ಬೆರ್ಬೆಲ್ ಮೇಜಿಗೆ ಮೂಗು ತಾಗುವಷ್ಟು ಬಾಗಿದ್ದಳು. ಬೂದಿ ಹಾರದಂತೆ ಉಸಿರು ಬಿಗಿಹಿಡಿದು, ಬರೆದ ಗೆರೆಯ ಮೇಲೆಯೇ ಬೆರಳನ್ನು ಮೆಲ್ಲಗೆ ಎಳೆಯುತ್ತಿದ್ದಳು.