ರಾಟೆ ತಿಂದ ಬಲ

“ಗ್ರೀಸ್ ಬೇಕಾ ಸೂಳೇಮಕ್ಕಳ್ರ್ಯಾ? ನಿಮ್ಮ ಹೆಂಡ್ರ ತುರುಬು ಹಿಂಡಿ ರಾಟಿಗಿ ಹಚ್ಚರಿ.”

ಖಣಿ ಮಾಲೀಕ ಸೂರ್ಯಕಾಂತ ಹೀಗೆ ಬೈದದ್ದು ರಾಟೆಗೆ ಗ್ರೀಸ್ ಕೇಳಿದ ಅಂಬರಾಯನಿಗೆ. ಅಂಬರಾಯನ ಹೆಂಡತಿ ಭೀಮಬಾಯಿ, ನನ್ನ ಗಂಡ ಭಾಗಣ್ಣ, ನಮ್ಮ ಜೊತೆ ಹಗ್ಗ ಜಗ್ಗುವ ಮುಬೀನ, ನಾನು, ಎಲ್ಲರೂ ತಲೆ ತಗ್ಗಿಸಿ ಕೇಳಿಸಿಕೊಂಡೆವು.

ಶಹಾಬಾದಿನ ಆ ಖಣಿಯಲ್ಲಿ ಮೊದಲು ಎಂಟು ಮಂದಿ ಹಗ್ಗ ಜಗ್ಗಿ, ನೆಲಕ್ಕೆ ಹಾಸುವ ಫರಸಿ ಕಲ್ಲು ಮೇಲೆತ್ತುತ್ತಿದ್ದೆವು. ಮಾಲೀಕ ನಾಲ್ಕು ಗಾಲಿಯ ರಾಟೆ ತಂದು ಮೇಲಿನ ತೊಲೆಗೆ ತೂಗುಹಾಕಿಸಿದ. ಇನ್ನು ಭಾರ ಕಾಲುಭಾಗವಷ್ಟೇ ಎಂದು ಲೆಕ್ಕ ಹೇಳಿ, ಜಗ್ಗುವವರಲ್ಲಿ ಅರ್ಧ ಮಂದಿಯನ್ನು ಮನೆಗೆ ಕಳಿಸಿದ. ಸುಳ್ಳಲ್ಲ, ಹೊಸತರಲ್ಲಿ ಕಲ್ಲು ಅರಳೆಯ ಹಾಗೆ ಎದ್ದು ಬರುತ್ತಿತ್ತು. ಮಳೆಗಾಲ ಕಳೆಯುವಷ್ಟರಲ್ಲಿ ಗಾಲಿಗಳಿಗೆ ಕೆಂಪು ಜಂಗು ಹಿಡಿಯಿತು, ಸಂದಿಗೆಲ್ಲ ಕಲ್ಲಿನ ಪುಡಿ ಕೂತಿತು. ನಾವು ಜಗ್ಗಿದ್ದರಲ್ಲಿ ಅರ್ಧ ಬಲವನ್ನು ರಾಟೆಯೇ ತಿನ್ನುತ್ತಿತ್ತು, ಉಳಿದದ್ದು ಕಲ್ಲಿಗೆ. ಮಾಲೀಕನ ಲೆಕ್ಕ ಮಾತ್ರ ಹೊಸ ರಾಟೆಯದೇ.

ಅಂಬರಾಯ ಹಗ್ಗದ ತುದಿಯನ್ನು ಅವನ ಕೈಗೆ ಕೊಡಹೋದ. “ಕಲ್ಲು ಕಟ್ಟಿಲ್ರೀ ಸಾವ್ಕಾರ್ರ. ಖಾಲಿದೇ ಜಗ್ಗಿ ನೋಡ್ರಿ, ಎಷ್ಟ್ ಬಿಗಿ ಅದ.”

ಕೈ ತಾಗಿದ್ದಕ್ಕೇ ಸೂರ್ಯಕಾಂತ ಚಪ್ಪಲಿ ಬಿಚ್ಚಿ ಅವನ ಬಾಯಿಗೆ ಹೊಡೆದ. ಅಂಬರಾಯ ರಕ್ತ ಉಗುಳಿ, ಕಲ್ಲಿಗೆ ಹಗ್ಗ ಸುತ್ತಿ ಕೊಕ್ಕೆ ಹಾಕಿದ. ಕಲ್ಲು ಗೋಡೆಗೆ ಬಡಿಯದಂತೆ ಗಳ ಆನಿಸಿ ಅದರ ಅಡಿಯಲ್ಲೇ ನಿಂತ.

ಅರ್ಧಕ್ಕೆ ಬಂದ ಕಲ್ಲು ನಿಂತುಬಿಟ್ಟಿತು. ಮಾಲೀಕ ಹಿಂದಿನಿಂದ ನಮ್ಮ ಅವ್ವಂದಿರನ್ನೆಲ್ಲ ಹಿಡಿದು ಬೈಯುತ್ತಿದ್ದ. ಖಣಿಯ ತಳದಲ್ಲೇ ನಿಂತು ನಾವು ನಾಲ್ವರೂ ಮೈಭಾರವೆಲ್ಲ ಹಾಕಿ ಜಗ್ಗಿದೆವು. ಕಚ್ಚಿಕೊಂಡಿದ್ದ ಗಾಲಿ ಒಮ್ಮೆಲೇ ಬಿಟ್ಟಿತು. ಆ ಎಳೆತಕ್ಕೆ ಕಲ್ಲಿಗೆ ಸುತ್ತಿದ ಹಗ್ಗ ಹರಿದು, ಕಲ್ಲು ಅಂಬರಾಯನ ಎದೆಯ ಮೇಲೆ ಬಿತ್ತು.

“ಕಲ್ಲ ಒಡೀತೇನು ನೋಡ್ರಲೇ,” ಅಂದ ಸೂರ್ಯಕಾಂತ.

ಹಾರೆ ಕೊಟ್ಟು ಕಲ್ಲು ಮಗುಚಿದೆವು. ಎದೆ ಇದ್ದ ಜಾಗ ತಗ್ಗಾಗಿತ್ತು. ಹೆಣವನ್ನು ವಾಡಿ ರಸ್ತೆಗೆ ಒಯ್ದು ಹಾಕಿ, ಲಾರಿ ಬಡಿಯಿತು ಅಂತ ಹೇಳಿ ಎಂದು ಮಾಲೀಕ ಅಪ್ಪಣೆ ಮಾಡಿದ.

“ನನ್ನ ಗಂಡ ಇಲ್ಲಿ ಸತ್ತಾನ,” ಅಂದಳು ಭೀಮಬಾಯಿ. “ಪೊಲೀಸರು ಇಲ್ಲಿಗೇ ಬರ್ಲಿ.”

ಅವನು ಅವಳ ಹೊಟ್ಟೆಗೆ ಒದ್ದ. ಭಾಗಣ್ಣ ಹಾರೆ ಬೀಸಿ ಅವನ ಮೊಣಕಾಲು ಮುರಿದ. ರಾಟೆಯ ಕೊಕ್ಕೆ ಇಳಿಸಿ, ಕೆಳಗೆ ಬಿದ್ದು ಹೊರಳುತ್ತಿದ್ದವನ ಬೆಲ್ಟಿಗೆ ಸಿಗಿಸಿದ್ದು ನಾನೇ. ಭಾಗಣ್ಣ, ಮುಬೀನ, ನಾನು ಮೂವರೂ ಜಗ್ಗಿದೆವು. ತಲೆ ಒಂದು ಕಡೆ, ಕಾಲು ಒಂದು ಕಡೆ ಜೋತು ಸೂರ್ಯಕಾಂತ ಮೇಲೇರಿದ. ತೊಲೆಯ ಹತ್ತಿರ ಗಾಲಿ ಮತ್ತೆ ಕಚ್ಚಿಕೊಂಡಿತು.

ಇಳಿಸಿರಿ, ಏನು ಕೇಳಿದರೂ ಕೊಡುತ್ತೇನೆ ಎಂದು ಅಲ್ಲಿಂದಲೇ ಅಳತೊಡಗಿದ. ಅವನ ಬೆಲ್ಟಿನ ಹೊಲಿಗೆ ಬಿಚ್ಚುತ್ತಿತ್ತು. ಕೆಳಗೆ ಗಂಡನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ ಭೀಮಬಾಯಿ ಕತ್ತೆತ್ತಿ ನೋಡಲಿಲ್ಲ. ಹಗ್ಗ ಹಿಡಿದು ನಿಂತ ನಮಗೆ ಇಳಿಸಿ ಎನ್ನಲಿಲ್ಲ, ಬಿಡಿ ಎನ್ನಲೂ ಇಲ್ಲ.