ಮಧ್ಯಾಹ್ನ ಅಳೆದ ಓಣಿ

"ನಮ್ಮ ಓಣ್ಯಾಗ ಹಾಯ್ದಽ ಬಸ್ ಬರ್ತೈತಂತ ವೈನಿ! ಓಣಿ ಹಿಂದಿನ ಬಯಲಾಗ ಸ್ಟ್ಯಾಂಡ್ ಅಂತ! ಬಸ್ಸಿನ ಸಾಹೇಬ್ರು ಬಂದು ಓಣಿ ಅಳದ್ರು!" ಮೈದುನ ಹೊಳಿಯಪ್ಪ ಖುಷಿಯಿಂದ ಕೂಗುತ್ತ ಒಳಗೆ ಬಂದ.

ಗಂಜಿ ಕಲಸುತ್ತಿದ್ದ ಕಳಕವ್ವನ ಕೈ ನಿಂತಿತು. ಗಜೇಂದ್ರಗಡದ ಆ ನೇಕಾರರ ಓಣಿಯಲ್ಲಿ ದಿನಾ ಬೆಳಗ್ಗೆ ಸೀರೆಯ ನೂಲನ್ನು ಉದ್ದಕ್ಕೆ ಬಿಗಿದು ಗಂಜಿ ಹಚ್ಚಿ, ಮಧ್ಯಾಹ್ನದೊಳಗೆ ಒಣಗಿಸಿ ಸುತ್ತಿಡುತ್ತಿದ್ದರು. ಅಷ್ಟು ಉದ್ದದ ಜಾಗ ಯಾರ ಮನೆಯೊಳಗೂ ಇರಲಿಲ್ಲ.

"ಸಾಹೇಬ ಅಳತಿ ಮಾಡಿದ್ದು ಎಷ್ಟೊತ್ತಿಗೋ?"

"ಇವತ್ತ ಮಧ್ಯಾಹ್ನ. ನಾನಽ ಕರಕೊಂಡ ಬಂದಿದ್ದೆ. ಓಣಿ ಖಾಲಿ ಐತಿ, ಚಲೋ ಆತು ಅಂದ್ರು."

"ನೂಲು ಸುತ್ತಿಟ್ಟ ಮ್ಯಾಲ ಖಾಲಿ ಇರದಽ ಏನ್ ಮಾಡೀತೋ, ಖೋಡಿ! ನೇಕಾರ್ರ ಮಗಾ ಆಗಿ ಬಾಯಾಗ ಏನ್ ಇಟ್ಕೊಂಡಿದ್ದಿ?"

"ಬಸ್ ಬ್ಯಾಡೇನ್ ಮತ್ತ? ಸೀರಿ ಗಂಟು ಹೊತ್ತು ಬಸ್ಸಿಗಂತ ಎರಡ ಮೈಲಿ ನಡೀತೀರಿ."

"ಬೇಕು! ಓಣಿ ಬಾಯಾಗ ನಿಲ್ಲಲಿ, ನಾಕ ಹೆಜ್ಜಿ ನಡದ ಹತ್ತತೇವಿ. ಓಣ್ಯಾಗ ಹಾಯ್ದರ ಮಗ್ಗಾನಽ ನಿಲ್ತಾವು. ಆಮ್ಯಾಲ ಬಸ್ಸಿನಾಗ ಏನ್ ಒಯ್ಯೂದು, ನಿನ್ನ ತಲೀನ?"

ಹೊಳಿಯಪ್ಪ ಸಪ್ಪಗಾದ. "ಸಾಹೇಬ್ರು ಇನ್ನೂ ಸರಕಾರಿ ಬಂಗಲೇದಾಗ ಅದಾರ. ನಾಳೆ ಹತ್ತಕ್ಕ ರೋಣಕ್ಕ ಹೊಂಟಾರ."

"ಹೊತ್ತು ಹುಟ್ಟೂದ್ರಾಗ ಕರಕೊಂಡ ಬಾ. ಎಲ್ಲಾರ ನೂಲೂ ಬಿಗದಿರ್ತೇವಿ. ಆಗ ಅಳೀಲಿ!"

ಹೊಳಿಯಪ್ಪ ಬಂಗಲೆಗೆ ಓಡಿ ಹೋಗಿ ಬಂದು, ಬಾಗಿಲಲ್ಲೇ ನಿಂತು ಹೇಳಿದ: "ಒಪ್ಪ್ಯಾರ ವೈನಿ. ನಾಳೆ ಮುಂಜಾನೆ ಆರಕ್ಕ, ಓಣಿ ಬಾಯಾಗ."